ಪಟ್ಟಿಗೆ ಸೇರದ ಮನೆಗಳ ಪುಸ್ತಿಕೆ

ಮೈಸೂರಿನಲ್ಲಿ ಹಳೇ ಕಟ್ಟಡ ಬಿತ್ತು ಎಂದರೆ ಎಲ್ಲರ ಬಾಯಲ್ಲೂ ಬರುವುದು ಅವೇ ಎರಡು ಮೂರು ಹೆಸರು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ದುರಸ್ತಿ ನಡೆಯುತ್ತಿದ್ದಾಗಲೇ ಬಿತ್ತು. 2022ರಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಸರದಿ. ಇವುಗಳ ಫೋಟೊ ಇದೆ, ವರದಿ ಇದೆ, ಮೊದಲೆರಡಕ್ಕೆ ತಜ್ಞರ ಸಮಿತಿ, ಕೋರ್ಟಿನ ಕಡತಗಳೂ ಇವೆ. ಅದೇ ಹತ್ತು ಹನ್ನೆರಡು ವರ್ಷದಲ್ಲಿ ಒಂಟಿಕೊಪ್ಪಲು, ಚಾಮುಂಡಿಪುರಂ, ಕೃಷ್ಣಮೂರ್ತಿಪುರಂ, ಶಿವರಾಂಪೇಟೆಗಳಲ್ಲಿ ಎಷ್ಟು ಹಂಚಿನ ಮನೆ ಹೋದವು ಎಂದು ಕೇಳಿ ನೋಡಿ. "ಆ ತಿರುವಿನಲ್ಲಿ ಒಂದು ಮನೆ ಇತ್ತಲ್ಲ, ಮುಂದೆ ಸಂಪಿಗೆ ಮರ ಇತ್ತಲ್ಲ" ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಮನೆಯ ಅಗಲ ಎಷ್ಟಿತ್ತು, ತೊಟ್ಟಿ ಇತ್ತೋ ಇಲ್ಲವೋ, ಮಾಡು ಯಾವುದರದು, ಯಾರು ಕಟ್ಟಿದ್ದು ಎಂದರೆ ಯಾರಿಗೂ ಗೊತ್ತಿಲ್ಲ. ಜೆಸಿಬಿಗೆ ಒಂದು ದಿನ ಸಾಕು. ಮಾರನೇ ವಾರ ಅಲ್ಲಿ ತಗಡಿನ ಬೇಲಿ, ಅದರ ಮೇಲೆ ಬರಲಿರುವ ಅಪಾರ್ಟ್‌ಮೆಂಟಿನ ಬಣ್ಣದ ಚಿತ್ರ.

ಈ ಖಾಲಿ ಜಾಗವನ್ನು ತುಂಬಲು ಬೇರೆ ಬೇರೆ ಊರುಗಳಲ್ಲಿ ಆರ್ಕಿಟೆಕ್ಟರು, ಗ್ರಾಫಿಕ್ ಡಿಸೈನರುಗಳು, ಚಿತ್ರಕಾರರು ತಮ್ಮ ಕೈಯಿಂದಲೇ ದುಡ್ಡು ಹಾಕಿ ಸಣ್ಣ ಪುಸ್ತಿಕೆಗಳನ್ನು ತರುತ್ತಿದ್ದಾರೆ. ಒಂದು ರಸ್ತೆ, ಒಂದು ಚಿತ್ರಮಂದಿರ, ಒಂದು ಬಗೆಯ ಕಿಟಕಿ, ಇಷ್ಟೇ ಒಂದು ಪುಸ್ತಿಕೆಯ ವಿಷಯ. ಹೊರಗಿನಿಂದ ನೋಡುವವರಿಗೆ ಇದು ಹಳೇ ಮನೆಗಳ ಚಂದದ ಫೋಟೊ ಆಲ್ಬಂ. ಚೆನ್ನಾಗಿ ಮಾಡಿದರೆ ಮಾತ್ರ ಅದು ಬೇರೆಯೇ ವಸ್ತು: ಊರು ಹೇಗೆ ಬದಲಾಯಿತು ಎನ್ನುವುದರ ಸಾಕ್ಷ್ಯ. ಆಲ್ಬಂಗೂ ಸಾಕ್ಷ್ಯಕ್ಕೂ ಎಲ್ಲಿ ವ್ಯತ್ಯಾಸ ಬೀಳುತ್ತದೆ ಎಂಬುದೇ ಈ ಲೇಖನದ ವಿಷಯ.

ಮೊದಲು ಒಂದು ಮಾತು. ನಾವು "ಹಳೇ ಮೈಸೂರು" ಎಂದು ಹಂಬಲಿಸುವ ಊರು ಕೂಡ ಇನ್ನೊಂದು ಊರನ್ನು ಕೆಡವಿ ಕಟ್ಟಿದ್ದು. 1897ರಲ್ಲಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ ಮುಗಿದದ್ದು 1912ಕ್ಕೆ. ಆ ನಡುವೆ ಪ್ಲೇಗು ಬಂತು. 1903ರಲ್ಲಿ ನಗರ ಸುಧಾರಣೆಯ ಟ್ರಸ್ಟ್ ಬೋರ್ಡ್ ಹುಟ್ಟಿತು, ನಾವು ಬಹಳ ಕಾಲ ಬೈದುಕೊಂಡು ಬಂದ ಮುಡಾದ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ) ಪೂರ್ವಜ ಅದು. ಕೋಟೆಯೊಳಗಿನ ಒತ್ತೊತ್ತಾದ ಮನೆಗಳನ್ನು ತೆರವು ಮಾಡಿದರು, ಜನರನ್ನು ಹೊಸ ಬಡಾವಣೆಗಳಿಗೆ ಕಳಿಸಿದರು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಅವತ್ತಿನ ಮಟ್ಟಿಗೆ ಗಾಳಿ ಬೆಳಕಿನ ಹೊಸ ಲೇಔಟುಗಳು. ಕೋಟೆಯೊಳಗೆ ಹುಟ್ಟಿ ಬೆಳೆದ ಅಜ್ಜಿಯೊಬ್ಬಳಿಗೆ ಆ ಅಗಲದ ರಸ್ತೆಗಳು ಬಿಕೋ ಎನ್ನಿಸಿರಬೇಕು. ಆದ್ದರಿಂದ "ಅಯ್ಯೋ, ಎಲ್ಲ ಹೋಯಿತು" ಎನ್ನುವ ರಾಗದಲ್ಲಿ ಶುರುವಾಗುವ ಪುಸ್ತಿಕೆ ನನಗೆ ಅನುಮಾನ ಹುಟ್ಟಿಸುತ್ತದೆ. ಬದಲಾಗುವುದು ಊರಿನ ಗುಣ. ಏನು ಬದಲಾಯಿತು, ಯಾಕೆ, ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಬರೆದಿಡುವುದು ಬೇರೆ ಕೆಲಸ.

ಹೀಗೆ ಬರೆದಿಟ್ಟವರು ಹಿಂದೆಯೂ ಇದ್ದರು. ಸ್ಕಾಟ್‌ಲೆಂಡಿನ ಗ್ಲಾಸ್ಗೊದಲ್ಲಿ 1866ರಲ್ಲಿ ನಮ್ಮದರಂಥದೇ ಒಂದು ಸುಧಾರಣಾ ಟ್ರಸ್ಟ್ ಆಯಿತು. ಕೆಡವಲಿದ್ದ ಗಲ್ಲಿಗಳನ್ನು ಚಿತ್ರ ತೆಗೆಯಲು ಅದು ಥಾಮಸ್ ಅನನ್ ಎಂಬ ಛಾಯಾಗ್ರಾಹಕನಿಗೆ ಹೇಳಿತು. 1868ರಿಂದ 1871ರವರೆಗೆ ಆತ ತೆಗೆದ ಚಿತ್ರಗಳಲ್ಲಿ ಕತ್ತಲ ಓಣಿಗಳು, ಮೇಲೆ ಅಡ್ಡಡ್ಡ ಕಟ್ಟಿದ ಒಗೆದ ಬಟ್ಟೆ, ಅಲುಗಾಡಿ ಮಸುಕಾದ ಮಕ್ಕಳು ಇದ್ದಾರೆ. ಕೆಡವಲು ಸಮರ್ಥನೆಯಾಗಿ ತೆಗೆಸಿದ ಚಿತ್ರಗಳೇ ಇವತ್ತು ಆ ಬೀದಿಗಳ ಅತ್ಯುತ್ತಮ ದಾಖಲೆ. ಲಂಡನ್ನಿನಲ್ಲಿ 1875ರಲ್ಲಿ ಆಕ್ಸ್‌ಫರ್ಡ್ ಆರ್ಮ್ಸ್ ಎಂಬ ಹಳೇ ಛತ್ರವನ್ನು ಕೆಡವುತ್ತಾರೆ ಎಂದಾಗ ಕೆಲವರು ಸೇರಿ ಒಂದು ಸಂಘ ಮಾಡಿಕೊಂಡರು. ಚಂದಾದಾರರಿಂದ ಹಣ ಎತ್ತಿ, ಹೋಗಲಿದ್ದ ಕಟ್ಟಡಗಳ ಚಿತ್ರಗಳನ್ನು ಕಂತುಕಂತಾಗಿ ಕಳಿಸಿದರು. 1886ರ ಹೊತ್ತಿಗೆ 120 ಚಿತ್ರಗಳಾದವು. ಸರ್ಕಾರವನ್ನೂ ಪ್ರಕಾಶಕನನ್ನೂ ಕಾಯದೆ ಓದುಗರ ದುಡ್ಡಿನಿಂದ ನಡೆಯುವ ಪ್ರಕಟಣೆಯ ಮಾದರಿ ಆಗಲೇ ಸಿದ್ಧವಿತ್ತು.

ಕಾನೂನು ಈ ಕೆಲಸ ಮಾಡುವುದಿಲ್ಲವೇ? ಅಷ್ಟಾಗಿ ಇಲ್ಲ. ಕೇಂದ್ರದ 1958ರ ಸ್ಮಾರಕ ಕಾಯ್ದೆಯ ಕಣ್ಣಿಗೆ ಬೀಳಬೇಕಾದರೆ ಕಟ್ಟಡಕ್ಕೆ ಕನಿಷ್ಠ ನೂರು ವರ್ಷವಾಗಿರಬೇಕು, ಆಮೇಲೂ ಸರ್ಕಾರ ಅದನ್ನು ಘೋಷಿಸಬೇಕು. ಮೈಸೂರಿಗೆ ಪಾರಂಪರಿಕ ಕಟ್ಟಡಗಳ ಪಟ್ಟಿ ಎಂದು ಒಂದು ಇದೆ. ಅದರಲ್ಲಿ ಎದ್ದು ಕಾಣುವುದು ಅರಮನೆಗಳು, ಕಾಲೇಜುಗಳು, ಕಚೇರಿಗಳು, ಮಾರುಕಟ್ಟೆಗಳು. ಮೇಷ್ಟರೊಬ್ಬರು 1938ರಲ್ಲಿ ಸಾಲ ಮಾಡಿ ಕಟ್ಟಿಸಿದ ಮೂರು ಅಂಕಣದ ಮನೆಯನ್ನು ಯಾವ ಪಟ್ಟಿಯೂ ಕಾಯುವುದಿಲ್ಲ. ಕಾಯಲೇಬೇಕು ಎಂದು ವಾದಿಸುವುದೂ ಕಷ್ಟ. ದಾಖಲಿಸಲು ಮಾತ್ರ ಯಾರ ಅಪ್ಪಣೆಯೂ ಬೇಡ. ರಸ್ತೆಯಲ್ಲಿ ನಿಂತು ಕಟ್ಟಡದ ಚಿತ್ರ ಬರೆದು ಅಥವಾ ಫೋಟೊ ತೆಗೆದು ಪ್ರಕಟಿಸಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ ಅಲ್ಲ ಎಂದು 1957ರ ಕಾಯ್ದೆಯ 52ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಒಳಗೆ ಹೋಗುವುದಾದರೆ ಮನೆಯವರನ್ನು ಕೇಳಬೇಕು, ಅದು ಕಾನೂನಿಗಿಂತ ಮರ್ಯಾದೆಯ ವಿಷಯ.

ಈಗ ಕೆಲಸದ ಒಳಗುಟ್ಟಿಗೆ ಬರೋಣ. ಡಿಸೈನರ್ ಮಾಡುವುದು ಫೋಟೊಗ್ರಾಫರ್ ಮಾಡದ್ದೇನು?

ಒಂದು, ಅಳತೆಗೆ ಸಿಗುವಂತೆ ನೋಡುವುದು. ಸಂಜೆಯ ಹೊಂಬೆಳಕಿನಲ್ಲಿ, ಬೋಗನ್‌ವಿಲ್ಲಾ ಸಂದಿಯಿಂದ ತೆಗೆದ ಮನೆಯ ಫೋಟೊ ಚಂದವೇ, ಆದರೆ ಅದರಿಂದ ಏನನ್ನೂ ಹೋಲಿಸಲಾಗದು. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಷರ್ ದಂಪತಿ 1959ರಿಂದ ದಶಕಗಟ್ಟಲೆ ನೀರಿನ ಟ್ಯಾಂಕು, ಕುಲುಮೆ, ಗಣಿಯ ಗೋಪುರಗಳನ್ನು ಮೋಡ ಕವಿದ ಮಂದ ಬೆಳಕಿನಲ್ಲಿ, ನೇರವಾಗಿ, ಒಂದೇ ಕ್ರಮದಲ್ಲಿ ತೆಗೆದು ಪಕ್ಕಪಕ್ಕ ಜೋಡಿಸಿದರು. ನೆರಳಿನ ನಾಟಕ ಇಲ್ಲದ್ದರಿಂದಲೇ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಲಾಸ್ ಏಂಜಲಿಸ್‌ನ ಕಲಾವಿದ ಎಡ್ ರುಷೆ 1966ರಲ್ಲಿ ಇನ್ನೊಂದು ದಾರಿ ಹಿಡಿದ. ಪಿಕಪ್ ವಾಹನಕ್ಕೆ ಕ್ಯಾಮೆರಾ ಕಟ್ಟಿ ಸನ್‌ಸೆಟ್ ಸ್ಟ್ರಿಪ್ ರಸ್ತೆಯ ಎರಡೂ ಬದಿಯ ಪ್ರತಿ ಕಟ್ಟಡವನ್ನೂ ತೆಗೆದು, ಬಿಚ್ಚಿದರೆ ಸುಮಾರು 25 ಅಡಿ ಉದ್ದವಾಗುವ ಮಡಿಕೆ ಪುಸ್ತಕವಾಗಿ ತಾನೇ ಅಚ್ಚು ಹಾಕಿಸಿದ. ಚಂದದ ಕಟ್ಟಡ, ಕೆಟ್ಟ ಕಟ್ಟಡ, ಖಾಲಿ ನಿವೇಶನ ಎಲ್ಲಕ್ಕೂ ಅಲ್ಲಿ ಒಂದೇ ಬೆಲೆ.

ಸಯ್ಯಾಜಿರಾವ್ ರಸ್ತೆಗೆ ಹೇಳಿ ಮಾಡಿಸಿದ ವಿಧಾನ ಇದು. ನೆಲಮಟ್ಟದಲ್ಲಿ ಎಲ್ಲೆಲ್ಲೂ ಫ್ಲೆಕ್ಸ್, ಗಾಜು, ರೋಲಿಂಗ್ ಶಟರ್. ತಲೆ ಎತ್ತಿ ನೋಡಿ, ಬೇರೆ ಊರು ಕಾಣುತ್ತದೆ: ಕಮಾನಿನ ಕಿಟಕಿ, ಮರದ ಬಾಲ್ಕನಿ, ಗಾರೆಯಲ್ಲಿ ಉಬ್ಬಿಸಿ ಬರೆದ ಇಸವಿ, ಅರ್ಧ ಅಳಿಸಿಹೋದ ಅಂಗಡಿಯ ಹೆಸರು. ಜಂಬೂ ಸವಾರಿಯ ದಿನ ಜನ ಹತ್ತಿ ನಿಲ್ಲುವ ಮಹಡಿಗಳೇ ಇವು. ಬೀದಿಯನ್ನು ಉದ್ದಕ್ಕೂ ಒಂದೇ ಪಟ್ಟಿಯಾಗಿ ಬರೆದರೆ, ಬದಲಾವಣೆ ಮೊದಲು ಕೆಳಗಿನಿಂದ ಏರುತ್ತದೆ, ಮೇಲಂತಸ್ತು ಉಗ್ರಾಣವಾಗಿ ಕೊಳೆಯುತ್ತದೆ, ಆಮೇಲೆ ಇಡೀ ಕಟ್ಟಡ ಹೋಗುತ್ತದೆ ಎನ್ನುವ ಕ್ರಮ ತಾನಾಗಿ ಕಾಣುತ್ತದೆ. ಕಾಳಿದಾಸ ರಸ್ತೆಯಲ್ಲಿ ಬೇರೆ ಕಥೆ. ಅಲ್ಲಿ ಮನೆಗಳು ಒಂದೊಂದಾಗಿ ತಮ್ಮ ಕಾಂಪೌಂಡು ಗೋಡೆಯನ್ನು ಕಳೆದುಕೊಂಡು, ಕಾರು ನಿಲ್ಲಿಸುವ ಜಾಗ ಮಾಡಿಕೊಂಡು, ಕೆಫೆಯೋ ಬಟ್ಟೆಯಂಗಡಿಯೋ ಆಗುತ್ತವೆ. ಮನೆ ಬೀಳುವುದಕ್ಕಿಂತ ಮೊದಲು ಬೀಳುವುದು ಗೇಟು.

ಎರಡು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ನಕ್ಷೆ. ಅಮೆರಿಕದಲ್ಲಿ ಆರ್ಥಿಕ ಕುಸಿತದಿಂದ ಕೆಲಸವಿಲ್ಲದೆ ಕೂತಿದ್ದ ಆರ್ಕಿಟೆಕ್ಟರಿಗೆ 1933ರಲ್ಲಿ ಸರ್ಕಾರ ಹಳೇ ಕಟ್ಟಡ ಅಳೆಯುವ ಕೆಲಸ ಕೊಟ್ಟಿತು. ಅಳತೆಯ ನಕ್ಷೆ, ಫೋಟೊ, ಬರಹದ ಇತಿಹಾಸ ಎಂಬ ಅವರ ಮೂರು ಭಾಗದ ಕ್ರಮ ಇವತ್ತಿಗೂ ನಡೆದಿದೆ. ಮೂರರಲ್ಲಿ ಫೋಟೊ ಅತಿ ಸುಲಭ, ಅತಿ ಮೋಸದ್ದು ಕೂಡ. ಮನೆಯ ಮುಂಭಾಗ ಎನ್ನುವುದು ಕಟ್ಟಿಸಿದವನ ಹೆಮ್ಮೆ. ನಕ್ಷೆಗೆ ಆ ಸಂಕೋಚವಿಲ್ಲ.

ಕೃಷ್ಣಮೂರ್ತಿಪುರದ ಒಂದು ಹಳೇ ಮನೆಯ ನಕ್ಷೆ ಬರೆದರೆ ಏನು ಕಾಣುತ್ತದೆ? ಮುಂದೆ ಜಗುಲಿ, ಒಳಗೆ ಹಜಾರ, ನಡುಮನೆ, ಅಡುಗೆಮನೆ, ದೇವರ ಮನೆ, ಹಿಂದೆ ಬಚ್ಚಲು, ಹಿತ್ತಲು, ಹಿತ್ತಲಿನ ಕೊನೆಯಲ್ಲಿ ಕಕ್ಕಸು. ಅದರ ಹಿಂದೆ ಒಂದು ಸಣ್ಣ ಓಣಿ, ನಾವೆಲ್ಲ "ಕನ್ಸರ್ವೆನ್ಸಿ" ಎಂದು ಕರೆಯುವ ಗಲ್ಲಿ. ಮಲ ಹೊರುವವರು ಮನೆಯ ಮುಂದಿನಿಂದ ಬರಬಾರದು, ಯಾರ ಕಣ್ಣಿಗೂ ಬೀಳಬಾರದು ಎಂದು ಬಡಾವಣೆಯ ಯೋಜನೆಯಲ್ಲೇ ಬಿಟ್ಟ ದಾರಿ ಅದು. ಪ್ಲೇಗಿನ ನಂತರದ ಸ್ವಚ್ಛ ನಗರದ ಹೆಮ್ಮೆಯೂ ಜಾತಿಯ ಲೆಕ್ಕಾಚಾರವೂ ಒಂದೇ ಗೆರೆಯಲ್ಲಿ ಸೇರಿಕೊಂಡಿವೆ. ಮುಂಭಾಗದ ಸಾವಿರ ಫೋಟೊ ತೆಗೆದರೂ ಈ ಓಣಿ ಕಾಣುವುದಿಲ್ಲ. ಈಗ ಆ ಓಣಿಗಳಲ್ಲಿ ಕೆಲವು ಬೈಕ್ ನಿಲ್ಲಿಸುವ ಜಾಗ, ಕೆಲವು ಪಕ್ಕದ ಕಟ್ಟಡದ ಹೊಟ್ಟೆ ಸೇರಿವೆ. ಹೊಸ ಅಪಾರ್ಟ್‌ಮೆಂಟ್ ಎದ್ದಾಗ ಹಂಚಿನ ಮಾಡು ಹೋಯಿತೆಂದು ಮರುಗುವವರು ಈ ಓಣಿ ಹೋದದ್ದಕ್ಕೂ ಮರುಗಬೇಕೇ ಎಂದು ಯೋಚಿಸಲಿ. ನನಗೆ ಮರುಕವಿಲ್ಲ. ಆದರೆ ಅದು ಇತ್ತು ಎಂಬುದು ನಕ್ಷೆಯಲ್ಲಿ ಉಳಿಯಲೇಬೇಕು.

ನಕ್ಷೆಯ ಜೊತೆಗೆ ಒಂದು ಅಡ್ಡಸೀಳು ನೋಟ, ಇಂಜಿನಿಯರುಗಳ ಭಾಷೆಯಲ್ಲಿ ಸೆಕ್ಷನ್. ಮನೆಯನ್ನು ಹಲಸಿನ ಹಣ್ಣಿನಂತೆ ಸೀಳಿ ತೋರಿಸುವ ಈ ಚಿತ್ರದಲ್ಲಿ ಕಟ್ಟಿದವರ ಬುದ್ಧಿ ಇರುತ್ತದೆ. ಮದ್ರಾಸ್ ಟೆರೇಸ್ ಎಂಬ ಹಳೇ ಬಗೆಯ ತಾರಸಿಯ ಉದಾಹರಣೆ ತೆಗೆದುಕೊಳ್ಳಿ. ಸಾಲಾಗಿ ತೇಗದ ತೊಲೆಗಳು, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ, ಸುಣ್ಣದ ಗಾರೆಯಲ್ಲಿ ಜೋಡಿಸುತ್ತಾರೆ. ಮೇಲೆ ಇಟ್ಟಿಗೆ ಚೂರು ಸುಣ್ಣ ಬೆರೆಸಿ ಬಡಿದು ಕೂರಿಸಿದ ಪದರ, ಅದರ ಮೇಲೆ ಚಪ್ಪಟೆ ಬಿಲ್ಲೆ. ಕಬ್ಬಿಣವಿಲ್ಲ, ಸಿಮೆಂಟಿಲ್ಲ. ಇದು ಸೋರಲು ಶುರುವಾದಾಗ ಮೇಸ್ತ್ರಿ ಬಂದು ಮೇಲೆ ಸಿಮೆಂಟು ಬಳಿಯುತ್ತಾನೆ. ಸುಣ್ಣ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಒಳಗೆ ಸಿಕ್ಕಿಕೊಂಡ ನೀರು ತೊಲೆಯ ತುದಿಯನ್ನು, ಗೋಡೆಯೊಳಗೆ ಹೂತಿರುವ ಭಾಗವನ್ನು ತಿನ್ನುತ್ತದೆ. ಹತ್ತು ಮಳೆಗಾಲ ಕಳೆದ ಮೇಲೆ "ಹಳೇ ಕಟ್ಟಡ, ಆಯುಸ್ಸು ಮುಗೀತು" ಎನ್ನುತ್ತಾರೆ. ಎಷ್ಟೋ ಸಲ ಮುಗಿಸಿದ್ದು ವಯಸ್ಸಲ್ಲ, ತಪ್ಪು ರಿಪೇರಿ. ಎರಡು ಪುಟದ ಒಂದು ಚಿತ್ರದಲ್ಲಿ ಇದನ್ನು ಯಾರಿಗಾದರೂ ಅರ್ಥ ಮಾಡಿಸಬಹುದು. ಪುಸ್ತಿಕೆಯನ್ನು ಡಿಸೈನರ್ ಮಾಡಬೇಕಾದದ್ದು ಇದಕ್ಕೇ.

ಚಿಲ್ಲರೆ ಸಾಮಾನುಗಳಿಗೂ ಜಾಗ ಬೇಕು. ಎನಾಮೆಲ್ ಡೋರ್ ನಂಬರಿನ ಫಲಕ, ರೆಡ್ ಆಕ್ಸೈಡ್ ನೆಲದ ಅಂಚಿನ ಕಪ್ಪು ಪಟ್ಟಿ, ಮಂಗಳೂರು ಹಂಚಿನ ಬೆನ್ನ ಮೇಲಿನ ಕಾರ್ಖಾನೆಯ ಮುದ್ರೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಇಂಥ ಹಂಚು ಒಳನಾಡಿಗೂ ಹಬ್ಬಿತು. ಮಾಡು ಇಳಿಸುವ ದಿನ ಒಂದು ಹಂಚು ತಿರುಗಿಸಿ ಮುದ್ರೆಯನ್ನು ಪೆನ್ಸಿಲ್ಲಿನಿಂದ ಉಜ್ಜಿ ಕಾಗದಕ್ಕೆ ಇಳಿಸಿಕೊಂಡರೆ ಮನೆಯ ಕಾಲ ಅಂದಾಜು ಮಾಡಲು ಒಂದು ಸುಳಿವು ಸಿಕ್ಕಿತು. ಇನ್ನೊಂದು ಸುಳಿವು ಕ್ರಯಪತ್ರದ ಚಕ್ಕುಬಂದಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಓಣಿ, ಉತ್ತರಕ್ಕೆ ಬಾವಿ ಎಂದು ಬರೆದ ನಾಲ್ಕು ಸಾಲು ಇಡೀ ಬೀದಿಯ ಹಳೇ ನಕ್ಷೆ ಕೊಡುತ್ತದೆ. ಆದರೆ ಪತ್ರದಲ್ಲಿನ ಹೆಸರುಗಳನ್ನು ಮುದ್ರಿಸಬಾರದು. ಪಾಲಿನ ಜಗಳಕ್ಕೆ ಪುಸ್ತಿಕೆ ಸಾಕ್ಷಿಯಾಗುವುದು ಯಾರಿಗೂ ಬೇಡ.

ಚಿತ್ರಮಂದಿರಗಳ ವಿಷಯದಲ್ಲಿ ಅವಸರ ಇನ್ನೂ ಹೆಚ್ಚು. ಕೊರೊನಾ ಕಾಲದಲ್ಲಿ ಶಾಂತಲಾ, ಲಕ್ಷ್ಮಿ ಬಾಗಿಲು ಹಾಕಿದವು. ಟಾಕೀಸಿನ ದಾಖಲೆ ಎಂದರೆ ಮುಂಭಾಗ ಮತ್ತು ಪರದೆ ಮಾತ್ರವಲ್ಲ. ಕ್ಯೂ ನಿಲ್ಲಿಸುವ ಕಬ್ಬಿಣದ ಕಂಬಿಯ ಸಂದಿ, ಕೈ ಮಾತ್ರ ತೂರುವ ಟಿಕೆಟ್ ಕಿಂಡಿ, ಗಾಂಧಿ ಕ್ಲಾಸಿಗೆ ಬೇರೆ ಬಾಗಿಲು, ಬಾಲ್ಕನಿಗೆ ಬೇರೆ ಮೆಟ್ಟಿಲು, ಹೆಂಗಸರ ಕೌಂಟರ್, ಸೈಕಲ್ ಸ್ಟ್ಯಾಂಡ್. ಒಂದೇ ಸಿನಿಮಾವನ್ನು ಒಂದೇ ಮಾಡಿನಡಿ ನೋಡಿದವರು ಒಬ್ಬರಿಗೊಬ್ಬರು ಎದುರಾಗದಂತೆ ಒಳಬಂದು ಹೊರಹೋಗುತ್ತಿದ್ದರು ಎಂಬುದು ನಕ್ಷೆ ಬರೆದಾಗಲೇ ತಿಳಿಯುವುದು. ಆಪರೇಟರ್ ಒಬ್ಬರು ಸಿಕ್ಕರೆ ಪ್ರೊಜೆಕ್ಟರ್ ಕೋಣೆಯ ಬಗ್ಗೆ ಅವರ ಮಾತನ್ನು ಅವರ ಮಾತಿನಲ್ಲೇ ಹಾಕಿ, "ಶುದ್ಧ" ಮಾಡಲು ಹೋಗಬೇಡಿ.

ಇಷ್ಟೆಲ್ಲ ಮಾಡಿ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರೆ ಸಾಲದೇ, ಕಾಗದ ಯಾಕೆ ಎನ್ನುವ ಪ್ರಶ್ನೆ ನ್ಯಾಯವಾದದ್ದು. ಮೈಸೂರಿನಲ್ಲೇ ಇದಕ್ಕೆ ಉತ್ತರವಿದೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಇಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದಾಗ ಅದು ಜಗತ್ತಿಗೆ ಇದ್ದೂ ಇಲ್ಲದಂತೆ. ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಮೇಲೆ ಅದು ಕಳೆದುಹೋಗಲಾರದ ವಸ್ತುವಾಯಿತು. ಒಂದೇ ಕಡೆ ಇರುವ ಪ್ರತಿ, ಅದು ಗರಿಯಾಗಲಿ ಹಾರ್ಡ್ ಡಿಸ್ಕಾಗಲಿ, ಅಪಾಯದಲ್ಲೇ ಇರುತ್ತದೆ. ಮುನ್ನೂರು ಪ್ರತಿ ಮುನ್ನೂರು ಮನೆಯಲ್ಲಿ ಇದ್ದರೆ ಹತ್ತಾದರೂ ಉಳಿಯುತ್ತವೆ. ಕಾಗದದ ಇನ್ನೊಂದು ಅನುಕೂಲ, ಅದನ್ನು ಎಪ್ಪತ್ತೈದು ವರ್ಷದ ಮಾಲೀಕರ ಕೈಗೆ ಕೊಟ್ಟು ಜಗುಲಿಯಲ್ಲಿ ಕೂತು "ಇದು ಸರಿಯಾ ಸಾರ್?" ಎಂದು ಕೇಳಬಹುದು. ಅವರು ಕನ್ನಡಕ ಹಾಕಿಕೊಂಡು ಪುಟದ ಅಂಚಿನಲ್ಲೇ ತಿದ್ದುತ್ತಾರೆ. ಹೀಗಾಗಿ ಪುಸ್ತಿಕೆ ಕನ್ನಡದಲ್ಲಿ ಇರಬೇಕು ಎಂದು ಬೇರೆ ಹೇಳಬೇಕಿಲ್ಲ. ನುಣುಪು ಕಾಗದದ ಇಂಗ್ಲಿಷ್ ಪುಸ್ತಕ ಆ ಬೀದಿಗೆ ಮರಳಿ ಬರುವುದೇ ಇಲ್ಲ.

ಮುದ್ರಣದ ಲೆಕ್ಕ ಸರಳ. ಅತಿ ಚಿಕ್ಕದೆಂದರೆ ಒಂದು ಎ3 ಹಾಳೆ: ಮಡಿಸಿ ನಡುವೆ ಒಂದು ಸೀಳು ಕೊಟ್ಟರೆ ಎಂಟು ಪುಟದ ಪುಸ್ತಿಕೆ, ಜೆರಾಕ್ಸ್ ಅಂಗಡಿಯಲ್ಲೇ ಆಗುವ ಕೆಲಸ. ಪಿನ್ ಹೊಡೆಯುವ ಪುಸ್ತಿಕೆಗೆ ಪುಟಗಳು ನಾಲ್ಕರ ಗುಣಕದಲ್ಲಿರಬೇಕು. ಆಫ್‌ಸೆಟ್‌ಗೆ ಹೋದರೆ ಹದಿನಾರು ಪುಟದ ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆ) ಲೆಕ್ಕ, ಪ್ಲೇಟಿನ ಖರ್ಚು ಮೊದಲೇ ಬೀಳುವುದರಿಂದ ಕೆಲವು ನೂರು ಪ್ರತಿಯಾದರೂ ಹಾಕಿಸದಿದ್ದರೆ ಗಿಟ್ಟುವುದಿಲ್ಲ. ಅದಕ್ಕಿಂತ ಕಡಿಮೆಗೆ ಡಿಜಿಟಲ್ ಮುದ್ರಣ, ಅಥವಾ ಜಪಾನಿನ ರಿಸೊಗ್ರಾಫ್ ಯಂತ್ರ. ಶಾಲೆ ಕಚೇರಿಗಳ ಸುತ್ತೋಲೆಗೆಂದು ಬಂದ ಈ ಯಂತ್ರ ಒಂದು ಸಲಕ್ಕೆ ಒಂದು ಬಣ್ಣ ಹಾಕುತ್ತದೆ, ಗೆರೆಚಿತ್ರಕ್ಕೆ ಬಹಳ ಒಪ್ಪುತ್ತದೆ. ಆರ್ಟ್ ಪೇಪರಿನ ಮೋಹ ಬೇಡ, ಹೊಳಪಿಲ್ಲದ ಮ್ಯಾಪ್‌ಲಿಥೋ ಕಾಗದ ಸಾಕು, ಅದರ ಮೇಲೆ ಪೆನ್ನಿನಲ್ಲಿ ಬರೆಯಲೂ ಆಗುತ್ತದೆ. ಪುಸ್ತಕದ ಗುರುತಿನ ಸಂಖ್ಯೆ, ಐಎಸ್‌ಬಿಎನ್, ನಮ್ಮ ದೇಶದಲ್ಲಿ ಉಚಿತ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಪ್ರಕಾಶಕ ತನ್ನ ಖರ್ಚಿನಲ್ಲಿ ಪ್ರತಿ ಕಳಿಸಬೇಕು. ಸಣ್ಣ ಪ್ರಕಾಶಕರು ಇದನ್ನು ಕಾಟ ಎಂದುಕೊಂಡು ಬಿಡುವುದುಂಟು. ಈ ಬಗೆಯ ಪುಸ್ತಿಕೆಗೆ ಮಾತ್ರ ಅದು ಅಂಚೆ ವೆಚ್ಚಕ್ಕೆ ಸಿಗುವ ವಿಮೆ.

ಇನ್ನು ಮಾಲೀಕರ ಪಕ್ಷ. ಹಳೇ ಮನೆ ಕೆಡವುವವರೆಲ್ಲ ರುಚಿ ಇಲ್ಲದವರು ಎಂಬ ಧಾಟಿ ಇಂಥ ಬರಹಗಳಲ್ಲಿ ಸಾಮಾನ್ಯ. ಅದು ಸೋಮಾರಿತನ. ಅಪ್ಪ ಹೋದ ಮೇಲೆ ಮನೆ ನಾಲ್ಕು ಮಕ್ಕಳಿಗೆ ಪಾಲಾಗಬೇಕು, ತೊಟ್ಟಿಯನ್ನು ನಾಲ್ಕಾಗಿ ಹಂಚಲಾಗದು. ನಿವೇಶನದ ಬೆಲೆ ಮನೆಯ ಬೆಲೆಯ ಎಷ್ಟೋ ಪಟ್ಟು. ಸುಣ್ಣದ ಗಾರೆ ಕಲಸಲು ಬರುವ ಗಾರೆಯವರು ಸಿಗುವುದಿಲ್ಲ, ಹಂಚು ಕೈಯಾಡಿಸುವವರು ಸಿಗುವುದಿಲ್ಲ. ಮೇಲಾಗಿ ಕ್ಯಾಮೆರಾ ಹಿಡಿದವರು ಬಂದರೆ "ನಾಳೆ ಹೆರಿಟೇಜ್ ಅಂತ ಬೋರ್ಡ್ ಹಾಕಿ ಮಾರಕ್ಕೂ ಬಿಡಲ್ಲ" ಎಂಬ ಹೆದರಿಕೆ. ಈ ಕಾರಣಗಳು ಪುಸ್ತಿಕೆಯಲ್ಲಿ ಇಲ್ಲದಿದ್ದರೆ ಅದು ಅರ್ಧ ದಾಖಲೆ. ತೇಗ, ಬೀಟೆ ಬಾಗಿಲುಗಳನ್ನು ಬಿಚ್ಚಿ ಒಯ್ಯುವ ಹಳೇ ಸಾಮಾನಿನ ವ್ಯಾಪಾರಿಯೂ ಅದರಲ್ಲಿ ಇರಬೇಕು. ಕಂಬ ಎಲ್ಲಿಗೆ ಹೋಯಿತು ಎಂದು ಬೆನ್ನು ಹತ್ತಿದರೆ ಅದು ಯಾವುದೋ ರೆಸಾರ್ಟಿನ ಊಟದ ಹಜಾರದಲ್ಲಿ ನಿಂತಿರಬಹುದು.

ಯಾರ ಮನೆ ದಾಖಲಾಗುತ್ತದೆ ಎಂಬ ಪ್ರಶ್ನೆಯನ್ನೂ ತಪ್ಪಿಸಿಕೊಳ್ಳಲಾಗದು. ಅಗ್ರಹಾರದ ತೊಟ್ಟಿಮನೆ, ಯಾದವಗಿರಿಯ ಬಂಗಲೆ ಚಿತ್ರಕ್ಕೆ ಸುಲಭವಾಗಿ ಒಲಿಯುತ್ತವೆ. ಮಂಡಿ ಮೊಹಲ್ಲಾದ ಮೇಲೆ ಮನೆ ಕೆಳಗೆ ಅಂಗಡಿ, ಲಷ್ಕರ್ ಮೊಹಲ್ಲಾದ ಸಂದಿಗಳು, ಪೌರಕಾರ್ಮಿಕರ ವಸತಿ ಸಾಲುಗಳು ಒಲಿಯುವುದಿಲ್ಲ, ಹೆಚ್ಚು ಬೇಗ ಹೋಗುವುದೂ ಅವೇ. ಮೊದಲ ಪುಸ್ತಿಕೆಯನ್ನು ಯಾವ ಬೀದಿಯ ಬಗ್ಗೆ ಮಾಡುತ್ತೀರಿ ಎನ್ನುವುದರಲ್ಲೇ ನಿಮ್ಮ ನಿಲುವು ಗೊತ್ತಾಗಿಬಿಡುತ್ತದೆ.

ಇದರಿಂದ ಕಟ್ಟಡ ಉಳಿಯುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಆದರೆ ಅಳತೆಯ ನಕ್ಷೆಗೆ ಒಮ್ಮೊಮ್ಮೆ ಎಣಿಸದ ಕೆಲಸ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ನೆಲಸಮವಾದ ವಾರ್ಸಾದ ಹಳೇ ಪಟ್ಟಣವನ್ನು ಮತ್ತೆ ಕಟ್ಟುವಾಗ ನೆರವಾದ ದಾಖಲೆಗಳಲ್ಲಿ ಯುದ್ಧಕ್ಕೆ ಮುಂಚೆ ಅಲ್ಲಿನ ವಾಸ್ತುಶಿಲ್ಪ ವಿದ್ಯಾರ್ಥಿಗಳು ಬರೆದಿದ್ದ ನಕ್ಷೆಗಳೂ ಸೇರಿದ್ದವು. ಅವನ್ನು ನಾಜಿಗಳ ಕಣ್ಣು ತಪ್ಪಿಸಿ ಒಂದು ಮಠದಲ್ಲಿ ಬಚ್ಚಿಟ್ಟಿದ್ದರು. ಆ ಪಟ್ಟಣ 1980ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ನಮ್ಮಲ್ಲಿ ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡಗಳನ್ನು ಕೆಡವಿ ಹಾಗೆಯೇ ಕಟ್ಟಬೇಕೋ, ಇರುವುದನ್ನೇ ಗಟ್ಟಿ ಮಾಡಬೇಕೋ ಎಂದು ವರ್ಷಗಟ್ಟಲೆ ವಾದ ನಡೆಯಿತು. "ಹಾಗೆಯೇ" ಎಂದರೆ ಹೇಗೆ ಎಂಬುದನ್ನು ಹೇಳಬೇಕಾದದ್ದು ನಕ್ಷೆ. ಹೂವಿನ ಸಾಲಿನ ಕಟ್ಟೆಯ ಎತ್ತರ, ಬಾಳೆಹಣ್ಣಿನ ಮಂಡಿಗೆ ಗಾಳಿ ಬರುವ ಕಿಂಡಿ, ಅರಿಶಿನ ಕುಂಕುಮದ ಅಂಗಡಿ ಎಷ್ಟು ಅಡಿ ಅಗಲ, ಇವನ್ನೆಲ್ಲ ಮುಂಭಾಗದ ಕಮಾನು ನೋಡಿ ಹೇಳಲಾಗದು.

ಶುರುಮಾಡುವವರಿಗೆ ಕೊನೆಯದಾಗಿ ಒಂದು ಕಸುಬಿನ ಮಾತು. ಪ್ರತಿ ಚಿತ್ರದ ಕೆಳಗೆ ಅದನ್ನು ತೆಗೆದ ತಿಂಗಳು, ಇಸವಿ ಹಾಕಿ. "ಇತ್ತೀಚೆಗೆ", "ಈಗ" ಎಂದು ಬರೆಯಬೇಡಿ, ಹತ್ತು ವರ್ಷದ ನಂತರ ಆ ಎರಡು ಪದಕ್ಕೂ ಅರ್ಥವಿರುವುದಿಲ್ಲ. ಕಟ್ಟಡದ ಜಾಗದಲ್ಲಿ ಬಂದದ್ದರ ಚಿತ್ರವನ್ನೂ ಅದೇ ಜಾಗದಿಂದ, ಅದೇ ದೂರದಿಂದ ತೆಗೆದು ಎದುರು ಪುಟದಲ್ಲಿ ಹಾಕಿ, ಅದು ಬರೀ ಕಾರ್ ಪಾರ್ಕಿಂಗ್ ಆಗಿದ್ದರೂ ಸರಿ. ಇನ್ನೂ ಏನೂ ಬಂದಿಲ್ಲದಿದ್ದರೆ ಆ ಪುಟ ಖಾಲಿ ಬಿಡಿ, ಎರಡನೇ ಮುದ್ರಣದ ಹೊತ್ತಿಗೆ ತುಂಬುತ್ತದೆ.